ಫಾರಂ ತಡೆಯುವುದು ಯಾರನ್ನು?

1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಇವತ್ತು ಒಂದು ಆನ್‌ಲೈನ್ ಅರ್ಜಿ ತುಂಬಬೇಕಾಗಿ ಬಂದಿದ್ದರೆ ಮೊದಲ ಖಾನೆಯಲ್ಲೇ ನಿಂತುಬಿಡುತ್ತಿದ್ದರು. ಫಾರಂ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ತಾವು. ಕೊನೆಯದನ್ನು ಕುಲನಾಮವೆಂದು ಬರೆದರೆ ಅದು ಸುಳ್ಳು. ಮೊದಲನೆಯದನ್ನು ಸ್ವಂತ ಹೆಸರೆಂದು ಬರೆದರೆ ಊರಿನ ಹೆಸರಿನಲ್ಲಿ ಪತ್ರ ಬರುತ್ತದೆ. 'ಕೆ.ವಿ.' ಎಂದು ಹಾಕೋಣವೆಂದರೆ ಚುಕ್ಕಿ ನಿಷಿದ್ಧ ಎಂಬ ಕೆಂಪು ಸಾಲು ಬೀಳುತ್ತದೆ. ಊರು, ತಂದೆ, ತಾನು ಎಂದು ಹೆಸರು ಕಟ್ಟಿಕೊಂಡ ಹಳೇ ಮೈಸೂರಿನ ಲಕ್ಷಾಂತರ ಮನೆಗಳಿಗೆ ಇದು ದಿನದ ಪಾಡು. ಸೇವಾ ಕೇಂದ್ರದ ಹುಡುಗರು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದ್ದಾರೆ: ಕೊನೆಯ ಹೆಸರಿನ ಖಾನೆಗೆ ಅದೇ ಹೆಸರನ್ನು ಇನ್ನೊಮ್ಮೆ ಒತ್ತುವುದು, ಇಲ್ಲವೇ 'ಎನ್‌ಎ' ಎಂದು ತುಂಬುವುದು. ಮೊಬೈಲ್ ಇಲ್ಲದ ಅಜ್ಜಿಗೆ ಹತ್ತು ಒಂಬತ್ತುಗಳು. ಫಾರಂ ತೃಪ್ತಿಯಿಂದ ಮುಂದಕ್ಕೆ ಬಿಡುತ್ತದೆ.

ಡೇಟಾಬೇಸ್ ಸುರಕ್ಷಿತವಾಗಿರಲಿ ಎಂದು ಒಳಬರುವ ಮಾಹಿತಿಯನ್ನು ಪರಿಶೀಲಿಸುವ ವಿದ್ಯೆ ನಮ್ಮಲ್ಲಿ ಹೆಚ್ಚಾಗಿ ಹೀಗೆ ತಲೆಕೆಳಗಾಗಿ ನಡೆಯುತ್ತಿದೆ. ಪ್ರಾಮಾಣಿಕರು ತಮ್ಮ ನಿಜವಾದ ಹೆಸರು, ವಿಳಾಸ, ಸರ್ವೆ ನಂಬರು ಕೊಟ್ಟಾಗ ಅಡ್ಡ ನಿಲ್ಲುವ ತಪಾಸಣೆ, ಕೆಡಿಸಲೆಂದೇ ಬಂದವನನ್ನು ತಡೆಯುವುದಿಲ್ಲ. ಇದು ಆಕಸ್ಮಿಕವೇನಲ್ಲ. ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡದ್ದರ ಫಲ.

ಮೈಸೂರಿನಲ್ಲೂ ಮಂಗಳೂರಿನಲ್ಲೂ ಡಿ'ಸೋಜಾ ಎಂಬ ಹೆಸರು ಹೊಸದಲ್ಲ. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ನಡುವೆ ಒಂದು ಮೇಲ್ಗೊಕ್ಕೆ, ಅಂದರೆ ಅಪಾಸ್ಟ್ರಫಿ. ತಂತ್ರಾಂಶ ಬರೆದವರು ಬಳಕೆದಾರರ ಹೆಸರನ್ನು ತೆಗೆದುಕೊಂಡು ಡೇಟಾಬೇಸಿಗೆ ಒಂದು ಆಜ್ಞೆ ಕಟ್ಟುತ್ತಾರೆ. ಗ್ರಾಹಕರ ಪಟ್ಟಿಯಲ್ಲಿ ಹೆಸರು = '…' ಇರುವವರನ್ನು ತೋರಿಸು, ಎಂದು. ಚುಕ್ಕಿಗಳ ಜಾಗದಲ್ಲಿ ಡಿ'ಸೋಜಾ ಬಂದು ಕೂತರೆ ಅದು ಹೆಸರು = 'ಡಿ'ಸೋಜಾ' ಆಗುತ್ತದೆ. ಎರಡನೆಯ ಕೊಕ್ಕೆ ಕಂಡ ಕೂಡಲೇ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ. ಉಳಿದ 'ಸೋಜಾ' ಏನೆಂದು ಅರ್ಥವಾಗದೆ ದೋಷ ಎಸೆಯುತ್ತದೆ. ಇಲ್ಲಿಗೆ ಇದು ಬರೀ ಕಿರಿಕಿರಿ. ಆದರೆ ಆ ದೋಷವನ್ನು ಕಂಡ ಚತುರ ಬೇರೆಯದೇ ಲೆಕ್ಕ ಹಾಕುತ್ತಾನೆ. ನಾನು ಬರೆದ ಕೊಕ್ಕೆ ಹೆಸರನ್ನು ಮುಗಿಸುತ್ತದೆ ಎಂದಾದರೆ, ಅದರ ಮುಂದೆ ನಾನು ಬರೆಯುವುದೆಲ್ಲ ಆಜ್ಞೆಯಾಗುತ್ತದೆ! ಹೆಸರಿನ ಖಾನೆಯಲ್ಲಿ ಅವನು ' ಅಥವಾ '1'='1 ಎಂದು ಒತ್ತುತ್ತಾನೆ. ಆಜ್ಞೆ ಈಗ ಹೀಗಾಯಿತು: ಹೆಸರು = '' ಅಥವಾ '1'='1' ಇರುವವರನ್ನು ತೋರಿಸು. ಒಂದು ಒಂದಕ್ಕೆ ಸಮವಲ್ಲದ ಸಾಲು ಯಾವ ಪಟ್ಟಿಯಲ್ಲೂ ಇಲ್ಲ. ಇಡೀ ಪಟ್ಟಿ ತೆರೆಯ ಮೇಲೆ ಬೀಳುತ್ತದೆ.

ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಜೆಫ್ ಫಾರಿಸ್ಟಾಲ್ ಎಂಬುವರು 1998ರ ಡಿಸೆಂಬರಿನಲ್ಲಿ 'ಫ್ರಾಕ್' ಎಂಬ ಹ್ಯಾಕರ್ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಬರೆದರು. ಕಾಲು ಶತಮಾನ ಕಳೆದರೂ ರೋಗ ಹೋಗಿಲ್ಲ. 2008ರಲ್ಲಿ ಅಮೆರಿಕದ ಹಾರ್ಟ್‌ಲ್ಯಾಂಡ್ ಎಂಬ ಪಾವತಿ ಸಂಸ್ಥೆಯಿಂದ ಸುಮಾರು 13 ಕೋಟಿ ಕಾರ್ಡುಗಳ ವಿವರ ಸೋರಿದ್ದು ಈ ದಾರಿಯಲ್ಲೇ. 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಕಂಪನಿ ಸುಮಾರು 1.57 ಲಕ್ಷ ಗ್ರಾಹಕರ ವಿವರ ಕಳೆದುಕೊಂಡಿತು. ಈ ಪ್ರಕರಣ ನಮ್ಮ ಇಲಾಖೆಗಳವರು ಕೂತು ಓದಬೇಕಾದದ್ದು. ತೂತು ಇದ್ದದ್ದು ಟಾಕ್‌ಟಾಕ್ ತಾನು ಕಟ್ಟಿದ ಜಾಲತಾಣದಲ್ಲಲ್ಲ. 2009ರಲ್ಲಿ ಕೊಂಡ ಟಿಸ್ಕಾಲಿ ಕಂಪನಿಯ ಜೊತೆ ಬಂದ ಹಳೆಯ ಪುಟಗಳಲ್ಲಿ. ಆ ಪುಟಗಳು ಇನ್ನೂ ಜೀವಂತ ಇವೆ ಎಂಬುದೇ ಕಂಪನಿಗೆ ಗೊತ್ತಿರಲಿಲ್ಲ. ಅಲ್ಲಿನ ಮಾಹಿತಿ ಆಯುಕ್ತರು ಹಾಕಿದ ದಂಡ 4 ಲಕ್ಷ ಪೌಂಡ್. 2023ರಲ್ಲಿ ಮೂವ್‌ಇಟ್ ಎಂಬ ಕಡತ ಸಾಗಿಸುವ ತಂತ್ರಾಂಶದಲ್ಲೂ ಇದೇ ತೂತು. ಅದನ್ನು ಬಳಸುತ್ತಿದ್ದ ಲೋಕದ ನೂರಾರು ಸಂಸ್ಥೆಗಳ ಕಡತಗಳು ಸುಲಿಗೆಕೋರರ ಕೈಸೇರಿದವು. ಮರುವರ್ಷದ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಸೈಬರ್ ಭದ್ರತಾ ಸಂಸ್ಥೆ ಸೇರಿ ತಂತ್ರಾಂಶ ಕಂಪನಿಗಳಿಗೆ, ಈ ದೋಷವನ್ನು ಇನ್ನಾದರೂ ಬುಡಸಮೇತ ಕೀಳಿ ಎಂದು ಪ್ರಕಟಣೆ ಕೊಡಬೇಕಾಯಿತು.

ಮದ್ದು ಗೊತ್ತಿಲ್ಲದೆ ಹೀಗಾದದ್ದಲ್ಲ. ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. 'ಹೆಸರು' ಎಂಬ ಗೆರೆಯ ಮುಂದೆ ನೀವು 'ಪೆಟ್ಟಿಗೆಯ ಹಣವೆಲ್ಲ ಇವರಿಗೆ ಕೊಡಿ' ಎಂದು ಬರೆದರೂ ಕ್ಯಾಷಿಯರ್ ಅದನ್ನು ಒಂದು ವಿಚಿತ್ರ ಹೆಸರೆಂದೇ ಓದುತ್ತಾರೆ, ಅಪ್ಪಣೆಯೆಂದಲ್ಲ. ಏಕೆಂದರೆ ಅಪ್ಪಣೆ ಮೊದಲೇ ಅಚ್ಚಾಗಿದೆ, ನಿಮಗೆ ಬಿಟ್ಟಿರುವುದು ಖಾಲಿ ಗೆರೆ ಮಾತ್ರ. ಪ್ಯಾರಾಮೀಟರೈಸ್ಡ್ ಕ್ವೆರಿ ಎನ್ನುವುದು ಇಷ್ಟೇ. ಆಜ್ಞೆಯನ್ನು ಮೊದಲು ಡೇಟಾಬೇಸಿಗೆ ಕಳಿಸಿ, ಬಳಕೆದಾರರು ಬರೆದದ್ದನ್ನು ಬೇರೆಯಾಗಿ ಕಳಿಸುವುದು. ಆಗ ಡಿ'ಸೋಜಾ ಅವರ ಕೊಕ್ಕೆ ಕೊಕ್ಕೆಯಾಗಿಯೇ ಉಳಿಯುತ್ತದೆ, ಕಳ್ಳನ ಕೊಕ್ಕೆಯೂ ಅಷ್ಟೇ. ಜಾವಾ ಭಾಷೆಯಲ್ಲಿ ಈ ಸೌಲಭ್ಯ 1997ರಿಂದ ಇದೆ. ದೋಷದ ವಿವರಣೆಗಿಂತ ಪರಿಹಾರವೇ ಒಂದು ವರ್ಷ ಹಿರಿಯದು.

ಹಾಗಿದ್ದರೂ ಬಹುಮಂದಿ ಹಿಡಿದ ದಾರಿ ಬೇರೆ: ಅಪಾಯಕಾರಿ ಚಿಹ್ನೆಗಳ ಪಟ್ಟಿ ಮಾಡಿ ಅವು ಬಂದರೆ ಅರ್ಜಿ ತಳ್ಳಿಬಿಡುವುದು. ಕೊಕ್ಕೆ ಬೇಡ, ಅಡ್ಡಗೆರೆ ಬೇಡ, ಓರೆಗೆರೆ ಬೇಡ, ನಕ್ಷತ್ರ ಬೇಡ, ಹ್ಯಾಷ್ ಬೇಡ. ಡೇಟಾಬೇಸಿನ ಭಾಷೆಯಲ್ಲಿ ಅವಕ್ಕೆಲ್ಲ ಒಂದೊಂದು ಅರ್ಥ ಇದೆ, ನಿಜ. ಓರೆಗೆರೆಯ ಪಕ್ಕ ನಕ್ಷತ್ರ ಬಂದರೆ ಅಲ್ಲಿಂದ ಟಿಪ್ಪಣಿ ಶುರು ಎಂದರ್ಥ. ಆದರೆ ಕರ್ನಾಟಕದ ಜಮೀನಿನ ವಿಳಾಸವೇ ಈ ಚಿಹ್ನೆಗಳಿಂದ ಆಗಿದೆಯಲ್ಲ! ಸರ್ವೆ ನಂಬರು 45, ಹಿಸ್ಸಾ 2ಎ ಎಂಬುದನ್ನು ರೈತರು 45/2ಎ ಎಂದೇ ಬರೆಯುವುದು. ಪಹಣಿ ಹುಡುಕಲು ಭೂಮಿ ತಂತ್ರಾಂಶಕ್ಕೆ ಹೋದರೆ ಸರ್‌ನೋಕ್ ಎಂಬ ಖಾನೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ನಕ್ಷತ್ರ. ಮೈಸೂರಿನ ಹಳೆಯ ಮೊಹಲ್ಲಾಗಳ ಮನೆ ನಂಬರುಗಳಲ್ಲಿ ಅಕ್ಷರ, ಅಂಕಿ, ಓರೆಗೆರೆ ಮೂರೂ ಬೆರೆತಿರುತ್ತವೆ. ಹೊಸ ಬಡಾವಣೆಗಳವರು ನಂಬರಿನ ಮುಂದೆ ಹ್ಯಾಷ್ ಹಾಕದೆ ಬರೆಯುವುದಿಲ್ಲ. ಈ ಚಿಹ್ನೆಗಳನ್ನು ನಿಷೇಧಿಸಿದ ಫಾರಂ ಲಷ್ಕರ್ ಮೊಹಲ್ಲಾದಲ್ಲೂ ನಡೆಯುವುದಿಲ್ಲ, ನಂಜನಗೂಡಿನ ಹೊಲದಲ್ಲೂ ನಡೆಯುವುದಿಲ್ಲ. ಕಳ್ಳನಿಗೋ, ಅದೇ ಚಿಹ್ನೆಯನ್ನು ಬೇರೆ ಸಂಕೇತದಲ್ಲಿ ಬರೆಯುವ ಹತ್ತು ದಾರಿ ಗೊತ್ತು.

ಪಿಎಚ್‌ಪಿ ಭಾಷೆಯವರು ಇನ್ನೊಂದು ಪ್ರಯೋಗ ಮಾಡಿ ಕೈಸುಟ್ಟುಕೊಂಡರು. ಒಳಬರುವ ಪ್ರತಿ ಕೊಕ್ಕೆಯ ಮುಂದೆ ತಾನಾಗಿಯೇ ಒಂದು ಹಿಂದೋರೆಗೆರೆ ಸೇರಿಸುವ 'ಮ್ಯಾಜಿಕ್ ಕೋಟ್ಸ್' ಎಂಬ ಏರ್ಪಾಡು ಅದು. ಡಿ'ಸೋಜಾ ಎಂಬುದು ಡಿ\'ಸೋಜಾ ಆಗಿ ಡೇಟಾಬೇಸಿಗೆ ಹೋಗಿ, ತಿದ್ದಿದಾಗಲೆಲ್ಲ ಇನ್ನೊಂದು ಗೆರೆ ಸೇರಿ, ಕೊನೆಗೆ ಹಾಗೆಯೇ ಅಚ್ಚಾಗಿ ಮನೆಗೆ ಬರುತ್ತಿತ್ತು. ಭದ್ರತೆಯೂ ಸಿಗಲಿಲ್ಲ, ಹೆಸರೂ ಉಳಿಯಲಿಲ್ಲ. 2012ರಲ್ಲಿ ಬಂದ 5.4ನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು.

ಚಲನ್ ವಿಧಾನಕ್ಕೂ ಮಿತಿಗಳಿವೆ. ಯಾವ ಕಾಲಂ ಪ್ರಕಾರ ಪಟ್ಟಿ ಜೋಡಿಸಬೇಕು ಎಂಬುದನ್ನು ಖಾಲಿ ಗೆರೆಯಲ್ಲಿ ಕಳಿಸಲು ಬರುವುದಿಲ್ಲ; ಅಲ್ಲಿ ದಿನಾಂಕ, ಹೆಸರು, ಮೊತ್ತ ಎಂದು ಒಪ್ಪಿದ ನಾಲ್ಕೈದು ಪದಗಳನ್ನು ಮಾತ್ರ ಬಿಟ್ಟು ಬೇರೆಲ್ಲ ತಳ್ಳಬೇಕು. ಇವತ್ತು ಸರಿಯಾಗಿ ಸೇರಿಕೊಂಡ ಹೆಸರನ್ನು ನಾಳೆ ರಾತ್ರಿಯ ವರದಿ ತೆಗೆಯುವ ಪ್ರೋಗ್ರಾಂ ಹಳೆಯ ರೀತಿಯಲ್ಲಿ ಆಜ್ಞೆಗೆ ಅಂಟಿಸಿದರೆ, ತಿಂಗಳುಗಟ್ಟಲೆ ಸುಮ್ಮನೆ ಮಲಗಿದ್ದ ಕೊಕ್ಕೆ ಆಗ ಎದ್ದು ಕೂರುತ್ತದೆ. ಅದಕ್ಕೇ ಅನುಭವಿಗಳು ಇನ್ನೊಂದು ಎಚ್ಚರ ವಹಿಸುತ್ತಾರೆ: ಜನರಿಗೆ ತೆರೆದ ಜಾಲತಾಣ ಯಾವ ಖಾತೆಯಿಂದ ಡೇಟಾಬೇಸಿಗೆ ಹೋಗುತ್ತದೋ ಆ ಖಾತೆಗೆ ಓದುವ, ಹೊಸ ಸಾಲು ಸೇರಿಸುವ ಹಕ್ಕು ಬಿಟ್ಟು ಬೇರೇನೂ ಕೊಡುವುದಿಲ್ಲ. ನೀರಿನ ಬಿಲ್ ತೋರಿಸುವ ಪುಟಕ್ಕೆ ಇಡೀ ಕೋಷ್ಟಕ ಅಳಿಸುವ ಅಧಿಕಾರವೇಕೆ?

ಹಾಗಾದರೆ ಪರಿಶೀಲನೆ ಬೇಡವೇ? ಬೇಕು, ಆದರೆ ಅದರ ಕೆಲಸ ಬೇರೆ. 'ಇದು ಅಪಾಯವೇ' ಎಂದು ಕೇಳುವುದಲ್ಲ, 'ನಾನು ಕೇಳಿದ್ದು ಇದೇನಾ' ಎಂದು ಕೇಳುವುದು. ಇದಕ್ಕೆ ನಮ್ಮ ಪಹಣಿಗಿಂತ ಒಳ್ಳೆಯ ಪಾಠಪುಸ್ತಕ ಸಿಗಲಾರದು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಕೂತು ಟೈಪ್ ಮಾಡುವವರು ಯಾರು ಎಂಬ ವಿಷಯದಲ್ಲಿ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ಆದರೆ ಟೈಪ್ ಮಾಡಿದ್ದು ತಲೆಮಾರುಗಳ ಕೈಬರಹವನ್ನು. ಅಲ್ಲಿ ವಿಸ್ತೀರ್ಣ ಬರೆಯುವುದು ಎಕರೆ, ಗುಂಟೆ, ಆಣೆಯಲ್ಲಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಎರಡು ಎಕರೆ ಹದಿನೈದು ಗುಂಟೆಯನ್ನು 2.15 ಎಂದು ಬರೆಯುವುದು ವಾಡಿಕೆ. ಹೊರಗಿನಿಂದ ಬಂದ ಪ್ರೋಗ್ರಾಮರ್ ಅದನ್ನು ದಶಮಾಂಶವೆಂದು ತಿಳಿದರೆ ಏನಾಗುತ್ತದೆ ನೋಡಿ. ಅಣ್ಣನ 2.15ಕ್ಕೆ ತಮ್ಮನ 1.30 ಕೂಡಿದರೆ ಯಂತ್ರ 3.45 ಎನ್ನುತ್ತದೆ. ಊರಿನ ಯಾವ ಹುಡುಗನನ್ನು ಕೇಳಿದರೂ 4 ಎಕರೆ 5 ಗುಂಟೆ ಎನ್ನುತ್ತಾನೆ. ಇಲ್ಲಿ ಯಾವ ಹ್ಯಾಕರನೂ ಇಲ್ಲ, ಯಾವ ಕೊಕ್ಕೆಯೂ ಇಲ್ಲ. ಆದರೂ ದಾಖಲೆ ಕೆಟ್ಟಿತು. ಗುಂಟೆಯ ಖಾನೆ 40ನ್ನು ಒಪ್ಪಬಾರದು, ಆಣೆಯ ಖಾನೆ 16ನ್ನು ಒಪ್ಪಬಾರದು ಎಂಬ ಎರಡು ಸಾಲಿನ ನಿಯಮ ಮಾಡುವ ಉಪಕಾರವನ್ನು ಚಿಹ್ನೆಗಳ ನಿಷೇಧದ ಉದ್ದುದ್ದ ಪಟ್ಟಿ ಮಾಡಲಾರದು.

ಒಂದೊಂದು ಖಾನೆಯೂ ಸರಿಯಿದ್ದು ಒಟ್ಟು ತಪ್ಪಾಗುವುದೂ ಉಂಟು. ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ, ಖರಾಬು ಕಳೆದು ಉಳಿದದ್ದು. 9ನೇ ಕಾಲಂನಲ್ಲಿ ಮಾಲೀಕರ ಹೆಸರುಗಳು, ಪ್ರತಿಯೊಬ್ಬರ ಪಾಲು. ಪಾಲುಗಳ ಮೊತ್ತ 3ನೇ ಕಾಲಂಗೆ ತಾಳೆಯಾಗಬೇಕು. ತಾಳೆಯಾಗದ ಪಹಣಿಗಳ ತಿದ್ದುಪಡಿ ಕಂದಾಯ ಇಲಾಖೆಗೆ ಮುಗಿಯದ ಕೆಲಸ. '3 ಮತ್ತು 9' ಎಂದರೆ ಸಾಕು, ತಹಸೀಲ್ದಾರ್ ಕಚೇರಿಗೆ ಅಲೆದವರಿಗೆ ಬೇರೆ ವಿವರಣೆ ಬೇಡ. ಸಾಲ ಬೇಕಾದಾಗ, ಪಾಲು ಆಗುವಾಗ, ಮಾರುವಾಗ ಈ ತಾಳೆ ತಪ್ಪಿದ್ದು ಮುಂದೆ ಬಂದು ನಿಲ್ಲುತ್ತದೆ. ಇಂಥ ತಪಾಸಣೆಯನ್ನು ಬ್ರೌಸರಿಗೆ ಬಿಡಲಾಗದು, ಪ್ರೋಗ್ರಾಮಿಗೂ ಪೂರ್ತಿ ಬಿಡಲಾಗದು. ಡೇಟಾಬೇಸೇ ತನ್ನೊಳಗೆ ನಿಯಮ ಇಟ್ಟುಕೊಂಡು, ಮೊತ್ತ ಮೀರಿದ ಸಾಲನ್ನು ಯಾರೇ ಬರೆಯಲು ಬಂದರೂ ಒಲ್ಲೆ ಎನ್ನಬೇಕು.

ಅಂಕಿಗಳ ತಪಾಸಣೆ ನಮ್ಮಲ್ಲಿ ಸಾಕಷ್ಟು ಮುಂದುವರಿದಿದೆ ಎನ್ನಬೇಕು. ಆಧಾರ್‌ನ 12ನೇ ಅಂಕಿ ಉಳಿದ 11ರಿಂದ ಲೆಕ್ಕ ಹಾಕಿ ಬಂದದ್ದು. ಡಚ್ ಗಣಿತಜ್ಞ ವರ್‌ಹಾಫ್ 1969ರಲ್ಲಿ ಕೊಟ್ಟ ಸೂತ್ರ. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. ಪ್ಯಾನ್‌ನ ನಾಲ್ಕನೇ ಅಕ್ಷರ ವ್ಯಕ್ತಿಯೋ ಕಂಪನಿಯೋ ಹೇಳುತ್ತದೆ. ಕರ್ನಾಟಕದ ಜಿಎಸ್‌ಟಿ ನಂಬರು 29ರಿಂದ ಶುರುವಾಗಲೇಬೇಕು. ಆದರೆ ಆಕಾರ ಸರಿಯಿದ್ದ ಮಾತ್ರಕ್ಕೆ ವಿಷಯ ಸರಿಯಿರಬೇಕೆಂದಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಲೀನವಾಯಿತು. ಶಾಖೆಗಳ ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ಎಸ್‌ಬಿಎಂವೈ ಎಂದು ಶುರುವಾಗುವ ಹಳೆಯ ಕೋಡಿನಲ್ಲಿ 11 ಅಕ್ಷರ ಇವೆ, ಐದನೆಯದು ಸೊನ್ನೆಯೇ ಆಗಿದೆ, ನಿಯಮದಂತೆ ಅದು ನಿಷ್ಕಳಂಕ. ಹಣ ಮಾತ್ರ ಹೋಗುವುದಿಲ್ಲ. ಊರಿನ ಹೆಸರೇ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಮೈಸೋರ್‌ನಿಂದ ಮೈಸೂರು ಆಯಿತು. ಎರಡೂ ಕಾಗುಣಿತವನ್ನು ಒಂದೇ ಊರಿಗೆ ಜೋಡಿಸದ ಡೇಟಾಬೇಸಿನಲ್ಲಿ ನಾವು ಎರಡು ನಗರಗಳಲ್ಲಿ ವಾಸಿಸುತ್ತಿದ್ದೇವೆ.

ಇನ್ನು ಕನ್ನಡದ ಕಥೆ. ಅನೇಕ ತಂತ್ರಾಂಶಗಳಲ್ಲಿ 'ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ' ಎಂಬ ನಿಯಮ ಇರುತ್ತದೆ. ಯೂನಿಕೋಡ್ ಪ್ರಕಾರ ಕ, ಮ, ಲ ಅಕ್ಷರಗಳು. ಆದರೆ ದೀರ್ಘ, ಇಳಿ, ಕೊಂಬು, ಸೊನ್ನೆ ಇವೆಲ್ಲ 'ಅಕ್ಷರ' ವರ್ಗಕ್ಕೆ ಸೇರುವುದಿಲ್ಲ, 'ಚಿಹ್ನೆ' ಎಂಬ ಬೇರೆ ವರ್ಗ. ಹಾಗಾಗಿ ಆ ನಿಯಮ 'ಕಮಲ' ಎಂಬ ಹೆಸರನ್ನು ಒಪ್ಪುತ್ತದೆ, 'ಕಮಲಾ' ಎಂದರೆ ತಳ್ಳುತ್ತದೆ. ಭರತನಿಗೆ ಪ್ರವೇಶ ಉಂಟು, ಕಾವೇರಿಗೆ ಇಲ್ಲ. ಉದ್ದದ ಮಿತಿಯೂ ಹೀಗೆಯೇ. ಕೆಲವು ಡೇಟಾಬೇಸುಗಳು ಉದ್ದವನ್ನು ಬೈಟಿನಲ್ಲಿ ಅಳೆಯುತ್ತವೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಶ್ರೀರಂಗಪಟ್ಟಣ ಎಂದು ಬರೆಯಲು 12 ಸಂಕೇತ, 36 ಬೈಟ್. ಖಾನೆಗೆ 30 ಬೈಟ್ ಮಿತಿ ಹಾಕಿ ಮಿಕ್ಕದ್ದನ್ನು ಕತ್ತರಿಸಿದರೆ ಊರು 'ಶ್ರೀರಂಗಪಟ್' ಎಂಬಲ್ಲಿಗೆ ನಿಲ್ಲುತ್ತದೆ.

ಕಣ್ಣಿಗೆ ಒಂದೇ ಆಗಿ ಕಾಣುವುದು ಯಂತ್ರಕ್ಕೆ ಎರಡಾಗಿರುವುದು ಇನ್ನೂ ಸೂಕ್ಷ್ಮ. 'ರ್‍ಯಾಂಕ್' ಎಂಬ ಪದದಲ್ಲಿ ಕಾಣದ ಒಂದು ಜೋಡಕ ಸಂಕೇತ ಇದೆ. ಅದನ್ನು ಎರಡು ಜಾಗಗಳಲ್ಲಿ ಇಡುವ ರೂಢಿ ಇರುವುದರಿಂದ ಎರಡು ಕೀಲಿಮಣೆಗಳಿಂದ ಬಂದ ಒಂದೇ ಪದ ತಾಳೆಯಾಗದೆ ಹೋಗಬಹುದು. ಕನ್ನಡದ ಸೊನ್ನೆ ಅಂಕಿಗೂ ಅನುಸ್ವಾರಕ್ಕೂ ರೂಪದಲ್ಲಿ ಹೆಚ್ಚು ಭೇದವಿಲ್ಲ. ಅಂಕಿಯನ್ನೇ ಅನುಸ್ವಾರದ ಜಾಗಕ್ಕೆ ಒತ್ತಿ ಬರೆದ 'ಗಂಗಮ್ಮ' ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತಾಳೆ, ಹುಡುಕಿದರೆ ಸಿಗುವುದಿಲ್ಲ. ಇದು ಬರೀ ಅನನುಕೂಲದ ಮಾತಲ್ಲ. ಸಿಗದ ದಾಖಲೆಯನ್ನು ಹೊಸದಾಗಿ ಸೃಷ್ಟಿಸುತ್ತಾರೆ, ಒಬ್ಬರೇ ಇಬ್ಬರಾಗುತ್ತಾರೆ, ಇಬ್ಬರಿಗೂ ಸೌಲಭ್ಯ ಮಂಜೂರಾಗುತ್ತದೆ ಇಲ್ಲವೇ ಇಬ್ಬರದೂ ನಿಲ್ಲುತ್ತದೆ. ತಳ್ಳುವ ಮುನ್ನ ಪಠ್ಯವನ್ನು ಒಂದು ಏಕರೂಪಕ್ಕೆ ತರುವುದು ಕನ್ನಡದ ಮಟ್ಟಿಗೆ ಮೊದಲ ಹೆಜ್ಜೆಯಾಗಬೇಕು. 1969ರಿಂದ ಭಾರತೀಯ ಭಾಷಾ ಸಂಸ್ಥಾನವನ್ನು ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇಟ್ಟುಕೊಂಡ, ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ವರ್ಷವರ್ಷವೂ ಸಾವಿರಾರು ಹೊಸ ಎಂಜಿನಿಯರುಗಳಿಗೆ ತರಬೇತಿ ಕೊಡುವ ಊರು ನಮ್ಮದು. ಈ ಎರಡು ವಿದ್ಯೆಗಳ ನಡುವೆ ಒಂದು ಬಸ್ಸಿನ ದೂರವಷ್ಟೇ ಇರುವುದು. ಕನ್ನಡ ಹೆಸರನ್ನು ಹೇಗೆ ಒಳಗೆ ಬಿಟ್ಟುಕೊಳ್ಳಬೇಕು ಎಂಬುದಕ್ಕೆ ಎಲ್ಲ ಇಲಾಖೆಗಳೂ ಬಳಸಬಹುದಾದ ಒಂದು ಪುಟ್ಟ ಪ್ರೋಗ್ರಾಂ ಇಲ್ಲಿಂದಲೇ ಹೊರಡಬಾರದೇಕೆ?

ಕೆಂಪು ಸಾಲು ತೋರಿಸುವ ತಪಾಸಣೆ ನಡೆಯುವುದು ಅರ್ಜಿದಾರರ ಬ್ರೌಸರಿನಲ್ಲಿ. ಅದು ಸೌಜನ್ಯ, ಭದ್ರತೆಯಲ್ಲ. ಬ್ರೌಸರನ್ನೇ ಬಿಟ್ಟು ನೇರ ಸರ್ವರಿಗೆ ಕೋರಿಕೆ ಕಳಿಸಲು ಕಾಲೇಜಿನ ಹುಡುಗರಿಗೂ ಬರುತ್ತದೆ. ಸರ್ವರಿನಲ್ಲಿ ಮತ್ತೊಮ್ಮೆ ತಪಾಸಣೆ ಇಲ್ಲದಿದ್ದರೆ ಮೊದಲಿನದು ಇದ್ದೂ ಇಲ್ಲದಂತೆ. ಇನ್ನೊಂದು ದಾರಿಯನ್ನಂತೂ ಯಾರೂ ಕಾಯುವುದಿಲ್ಲ: ಎಕ್ಸೆಲ್. ಶಾಲೆಗಳಿಂದ, ಸಂಘಗಳಿಂದ, ಗುತ್ತಿಗೆದಾರರಿಂದ ಸಾವಿರಾರು ಸಾಲುಗಳು ಒಂದೇ ಫೈಲಿನಲ್ಲಿ ಬಂದು ನೇರ ಒಳಸೇರುತ್ತವೆ. ಎಕ್ಸೆಲ್‌ಗೆ ಸಮಚಿಹ್ನೆಯಿಂದಲೋ ಕೂಡು ಚಿಹ್ನೆಯಿಂದಲೋ ಶುರುವಾದದ್ದೆಲ್ಲ ಸೂತ್ರ. +91 ಎಂದು ಬರೆದ ಮೊಬೈಲ್ ನಂಬರಿನ ಕೂಡು ಚಿಹ್ನೆಯನ್ನು ಅದು ನುಂಗುತ್ತದೆ, ಕಿಡಿಗೇಡಿ ಬರೆದ ಸೂತ್ರವನ್ನು ಗುಮಾಸ್ತರ ಕಂಪ್ಯೂಟರಿನಲ್ಲಿ ನಡೆಸಿಯೂ ಬಿಡಬಹುದು.

ಇಷ್ಟೆಲ್ಲ ಮಾಡಿದರೂ ತಪಾಸಣೆಯ ಕೈಗೆ ಸಿಗದ ದಾಳಿಗಳಿವೆ. 2025ರ ಆರಂಭದಲ್ಲಿ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ತೆವಳಿತು; ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿ ನಿಂತುಹೋಯಿತು. ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟಕ್ಕೆ ಕೋರಿಕೆಗಳನ್ನು ಸುರಿದಿದ್ದರು. ಇಂಥಲ್ಲಿ ಒಂದೊಂದು ಕೋರಿಕೆಯನ್ನು ಬಿಡಿಯಾಗಿ ನೋಡಿದರೆ ತಪ್ಪು ಹಿಡಿಯುವಂಥದ್ದು ಏನೂ ಇರುವುದಿಲ್ಲ. ತಪ್ಪು ಇರುವುದು ಸಂಖ್ಯೆಯಲ್ಲಿ. ಒಬ್ಬರು ಒಂದು ನಿಮಿಷಕ್ಕೆ ಎಷ್ಟು ಸಲ ಕೇಳಬಹುದು ಎಂಬ ಮಿತಿ ಬೇರೆಯೇ ಹಾಕಬೇಕು.

ಸರ್ಕಾರಿ ಜಾಲತಾಣ ತೆರೆಯುವ ಮುನ್ನ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಮಾನ್ಯತೆ ಪಡೆದ ಭದ್ರತಾ ಪರಿಶೋಧಕರಿಂದ ಪ್ರಮಾಣಪತ್ರ ಬೇಕು. ಒಳ್ಳೆಯ ನಿಯಮ. ಆದರೆ ಪತ್ರ ಬಂದ ಮೇಲೆ, ತುರ್ತಾಗಿ ಒಂದು ಪುಟ ಸೇರಿಸಿ ಎಂದು ಮೇಲಿನವರು ಹೇಳಿದಾಗ ಸೇರಿದ ಪುಟವನ್ನು ಯಾರೂ ನೋಡುವುದಿಲ್ಲ; ಟಿಸ್ಕಾಲಿಯ ಪುಟಗಳು ಹುಟ್ಟುವುದು ಹೀಗೆ. 2022ರ ಏಪ್ರಿಲ್‌ನ ಸರ್ಟ್-ಇನ್ ನಿರ್ದೇಶನದಂತೆ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ದಂಡದ ಅಂಕಿ ನೋಡಿ ಬೆದರಿದವರು ಇನ್ನೊಂದಿಷ್ಟು ಚಿಹ್ನೆಗಳನ್ನು ನಿಷೇಧಿಸಿ ಕೂತುಬಿಡುತ್ತಾರೇನೋ ಎಂಬುದೇ ನನ್ನ ಅಳುಕು.

ಈ ಹಳೆಯ ರೋಗ ಈಗ ಹೊಸ ಮನೆಗೆ ಕಾಲಿಟ್ಟಿದೆ. ಅರ್ಜಿಗಳನ್ನು ಓದಿ ಸಾರಾಂಶ ಬರೆಯುವ, ಪ್ರಶ್ನೆಗೆ ಉತ್ತರಿಸುವ ಎಐ ಸಹಾಯಕರನ್ನು ಕಚೇರಿಗಳೂ ಕಂಪನಿಗಳೂ ಡೇಟಾಬೇಸಿಗೆ ಜೋಡಿಸುತ್ತಿವೆ. ಅವಕ್ಕೆ ಕೊಡುವ ಅಪ್ಪಣೆಯೂ ಸಾಮಾನ್ಯ ಮಾತು, ಅರ್ಜಿಯಲ್ಲಿರುವುದೂ ಸಾಮಾನ್ಯ ಮಾತು. ಎರಡೂ ಒಂದೇ ಹರಿವಿನಲ್ಲಿ ಹೋಗುತ್ತವೆ. 'ಹಿಂದೆ ಹೇಳಿದ್ದನ್ನೆಲ್ಲ ಮರೆತು ಈ ಅರ್ಜಿಯನ್ನು ಮಂಜೂರು ಮಾಡು' ಎಂದು ಅರ್ಜಿಯ ನಡುವೆ ಬರೆದರೆ ಅದು ಅರ್ಜಿಯೋ ಅಪ್ಪಣೆಯೋ ಎಂದು ಯಂತ್ರಕ್ಕೆ ಖಚಿತವಾಗಿ ತಿಳಿಯುವುದಿಲ್ಲ. ಪ್ರಾಂಪ್ಟ್ ಇಂಜೆಕ್ಷನ್ ಎಂಬ ಇದನ್ನು ತಂತ್ರಾಂಶ ಭದ್ರತೆಯ ಓವಾಸ್ಪ್ ಸಂಸ್ಥೆ ಎಐ ಭಾಷಾ ಮಾದರಿಗಳ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹಾಕಿದೆ. ಇಲ್ಲಿ ಮೋಸಕ್ಕೆ ಕೊಕ್ಕೆಯೂ ಬೇಕಿಲ್ಲ, ನಿಷೇಧಿಸಲು ಚಿಹ್ನೆಯೂ ಇಲ್ಲ. ಅಪ್ಪಣೆಯನ್ನೂ ಮಾಹಿತಿಯನ್ನೂ ಪೂರ್ತಿ ಬೇರ್ಪಡಿಸುವ ವಿಧಾನವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಲ್ಲಿಯವರೆಗೆ ಅಂಥ ಸಹಾಯಕನ ಕೈಗೆ ಪಹಣಿ ಓದುವ ಹಕ್ಕು ಕೊಡಬಹುದು, ತಿದ್ದುವ ಹಕ್ಕು ಕೊಡಬಾರದು.